ಬಾಲದ ತುದಿಯ ಕೊಂಬು, ಎಡಕ್ಕೆ ಸುತ್ತಿದ ಚಿಪ್ಪು

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲ್ಲೂಕಿನ ಅಡಿಕೆ ತೋಟ, ಮೇಲ್ಗಡೆ ಸೊಪ್ಪಿನ ಬೆಟ್ಟವಿದೆ. ಮಳೆಗಾಲ ಹಿಡಿದ ಮೇಲೆ ಅಡಿಕೆ ಮರದ ಬುಡದಲ್ಲಿ, ವೀಳ್ಯದೆಲೆಯ ಬಳ್ಳಿಯಲ್ಲಿ, ಬಚ್ಚಲ ಗೋಡೆಯ ಹೊರಮೈಯಲ್ಲಿ ಒಂದು ಜಾತಿಯ ಬಸವನಹುಳ ಕಾಣಿಸುತ್ತದೆ. ಚಿಪ್ಪು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ತೆಳು, ಹೊಳಪಿನದು, ಕಂದು ಬಣ್ಣದ್ದು. ಅದರ ಬಾಯಿ ಎಡಗಡೆಗಿದೆ. ಬಾಲದ ತುದಿಯಲ್ಲಿ ಸಣ್ಣದೊಂದು ಕೊಂಬಿನಂಥದ್ದು ಇದೆ. ಪಕ್ಕದ ತೋಟದವರು ಇದು ಆಫ್ರಿಕಾದ ಹುಳ, ಬಿಟ್ಟರೆ ತೋಟವನ್ನೇ ತಿನ್ನುತ್ತದೆ, ಉಪ್ಪು ಹಾಕಿ ಕೊಲ್ಲಿ ಎನ್ನುತ್ತಾರೆ. ನಮ್ಮ ಚಿಕ್ಕಪ್ಪನವರು ಇದು ಬಲಮುರಿ ಶಂಖದ ಜಾತಿ, ಕೊಳ್ಳುವವರಿದ್ದಾರೆ ಎನ್ನುತ್ತಾರೆ. ಪ್ರಾಣಿಶಾಸ್ತ್ರ ಓದುತ್ತಿರುವ ಮಗಳು ಹುಡುಕಿದಾಗ ಒಂದೇ ಹುಳವನ್ನು ಒಂದು ಕಡೆ ಜೋನಿಟಿಡೇ, ಇನ್ನೊಂದು ಕಡೆ ಹೆಲಿಕೇರಿಯೋನಿಡೇ, ಮತ್ತೊಂದು ಕಡೆ ಏರಿಯೋಫ್ಯಾಂಟಿಡೇ ಕುಟುಂಬಕ್ಕೆ ಸೇರಿಸಿರುವುದು ಕಂಡಿತು. ಯಾವುದು ಸರಿ? ಇದನ್ನು ಏನು ಮಾಡಬೇಕು? ಮೂರು ಫೋಟೋ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಭಯ, ಒಂದು ಆಸೆ ಮತ್ತು ಒಂದು ಗೊಂದಲ ಒಟ್ಟಿಗೆ ಬಂದಿವೆ. ಮೂರೂ ಹುಟ್ಟಿರುವುದು ಒಂದೇ ಕಾರಣಕ್ಕೆ: ಎಲ್ಲರೂ ಚಿಪ್ಪನ್ನು ನೋಡಿ ಮಾತಾಡಿದ್ದಾರೆ, ಹುಳವನ್ನು ನೋಡಿಲ್ಲ. ಹುಳವನ್ನು ನೋಡಿದವರು ನೀವೊಬ್ಬರೇ. ಬಾಲದ ಕೊಂಬಿನ ವಿಷಯ ನೀವು ಬರೆಯದೆ ಇದ್ದಿದ್ದರೆ ನನ್ನ ಉತ್ತರ ಇಷ್ಟು ಖಚಿತವಾಗಿರುತ್ತಿರಲಿಲ್ಲ. ನಿಮ್ಮ ಫೋಟೋದಲ್ಲಿರುವುದು ಆಫ್ರಿಕಾದ ಹುಳವಲ್ಲ, ಶಂಖವೂ ಅಲ್ಲ. ಅದು ಏರಿಯೋಫ್ಯಾಂಟಿಡೇ ಎಂಬ ಕುಟುಂಬದ, ಏರಿಯೋಫ್ಯಾಂಟ ಎಂಬ ಕುಲದ ಹುಳ. ನಿಮ್ಮ ಸೊಪ್ಪಿನ ಬೆಟ್ಟದ ಹಳೆಯ ನಿವಾಸಿ. ಉಪ್ಪಿನ ಡಬ್ಬಿಯನ್ನು ಅಡಿಗೆಮನೆಗೆ ಹಿಂತಿರುಗಿಸಿ, ಉಳಿದದ್ದನ್ನು ನಿಧಾನವಾಗಿ ನೋಡೋಣ.

ನಿಮ್ಮ ನೆರೆಯವರ ಭಯಕ್ಕೆ ಆಧಾರವಿಲ್ಲದೆ ಇಲ್ಲ. ಆಫ್ರಿಕಾದ ದೈತ್ಯ ಬಸವನಹುಳ ಅಡಿಕೆ, ಕಾಫಿ, ಹಿಪ್ಪುನೇರಳೆ, ತರಕಾರಿ ಎಂದು ಭೇದವೆಣಿಸದೆ ತಿನ್ನುವ ನಿಜವಾದ ಪೀಡೆ. ಆದರೆ ಅದನ್ನು ಗುರುತಿಸುವುದು ಕಷ್ಟವಲ್ಲ. ಅದರ ಚಿಪ್ಪು ಉದ್ದನೆಯ ಶಂಕುವಿನಂತೆ ಎತ್ತರಕ್ಕೆ ಬೆಳೆಯುತ್ತದೆ; ಬೆಳೆದ ಹುಳದಲ್ಲಿ ಏಳರಿಂದ ಒಂಬತ್ತು ಸುತ್ತುಗಳಿರುತ್ತವೆ; ಕಂದು ಮತ್ತು ಕೆನೆಬಣ್ಣದ ಪಟ್ಟೆಗಳು ಉದ್ದಕ್ಕೂ ಹರಿದಿರುತ್ತವೆ; ಬಾಯಿ ಬಲಗಡೆಗಿರುತ್ತದೆ. ಚಿಪ್ಪಿನ ಬಾಯೊಳಗೆ ಇಣುಕಿದರೆ, ಸುತ್ತುಗಳು ಸುತ್ತಿಕೊಂಡಿರುವ ನಡುಗಂಬವು ಕೆಳತುದಿಯಲ್ಲಿ ಕತ್ತರಿಸಿದಂತೆ ಥಟ್ಟನೆ ನಿಂತುಹೋಗಿರುವುದು ಕಾಣುತ್ತದೆ. ಆ ಕುಟುಂಬದ ದೊಡ್ಡ ಹುಳಗಳ ಹಳೆಯ ಗುರುತು ಇದು. ಬಾಲ ಚಪ್ಪಟೆಯಾಗಿ ಚೂಪಾಗಿ ಮುಗಿಯುತ್ತದೆ, ಕೊಂಬಿರುವುದಿಲ್ಲ. ನಿಮ್ಮ ಹುಳದ ಚಿಪ್ಪಾದರೋ ಅಗಲವಾಗಿ, ತಗ್ಗಾಗಿ, ಮೇಲಿನಿಂದ ಅದುಮಿದ ಉಂಡೆಯಂತಿದೆ. ತೊಡಕಾಗುವುದು ಆಫ್ರಿಕಾದ ಹುಳದ ಮರಿಗಳಲ್ಲಿ ಮಾತ್ರ. ಆಗಷ್ಟೇ ಮೊಟ್ಟೆಯೊಡೆದ ಮರಿಯ ಚಿಪ್ಪು ಗುಂಡಗೆ ಇರುವುದರಿಂದ ಅನುಭವಸ್ಥರೂ ಒಂದು ಕ್ಷಣ ತಡೆದು ನೋಡಬೇಕಾಗುತ್ತದೆ. ಆಗಲೂ ಬಾಲವನ್ನೇ ನೋಡಬೇಕು.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಆಫ್ರಿಕಾದ ಹುಳವನ್ನು ಭಾರತಕ್ಕೆ ತಂದವರು ಕಳ್ಳಸಾಗಣೆದಾರರಲ್ಲ, ಚಿಪ್ಪುಶಾಸ್ತ್ರದ ಒಬ್ಬ ಪಂಡಿತರು. ವಿಲಿಯಂ ಹೆನ್ರಿ ಬೆನ್ಸನ್ 1847ರಲ್ಲಿ ಮಾರಿಷಸ್‌ನಿಂದ ಅದನ್ನು ಕಲ್ಕತ್ತೆಗೆ ತಂದರು. ಚೌರಂಗಿಯ ಒಂದು ತೋಟಕ್ಕೆ ಬಿಟ್ಟ ಹುಳಗಳು ಅಲ್ಲಿಂದ ಹಬ್ಬಿದವು. ಇದೇ ಬೆನ್ಸನ್ ನಮ್ಮ ಪಶ್ಚಿಮ ಘಟ್ಟದ ಎಷ್ಟೋ ನೆಲದ ಬಸವನಹುಳಗಳಿಗೆ ಮೊದಲ ಬಾರಿಗೆ ಹೆಸರಿಟ್ಟವರು, ಅವುಗಳಲ್ಲಿ ನಿಮ್ಮ ಹುಳದ ಹತ್ತಿರದ ನೆಂಟರೂ ಇದ್ದಾರೆ. ಹೆಸರಿಟ್ಟ ಕೈಯೇ ಹಗೆಯನ್ನೂ ತಂದುಹಾಕಿತು.

ಈಗ ಬಾಲದ ಕೊಂಬಿಗೆ ಬರುತ್ತೇನೆ. ತಲೆಯ ಮೇಲೆ ಎರಡು ಕೊಂಬು ಕಂಡೇ ನಮ್ಮ ಹಿರಿಯರು ಈ ಪ್ರಾಣಿಯನ್ನು ಬಸವನಹುಳ ಎಂದಿರಬೇಕು. ಆ ಕೊಂಬುಗಳ ತುದಿಯಲ್ಲಿ ಕಣ್ಣುಗಳಿವೆ. ಅವುಗಳ ಕೆಳಗೆ ಇನ್ನೊಂದು ಗಿಡ್ಡ ಜೋಡಿ ಇದೆ, ಅದು ಮೂಸಲು ಮತ್ತು ಮುಟ್ಟಲು. ಎರಡು ಜೋಡಿ ಕೊಂಬು, ಮೇಲಿನ ಜೋಡಿಯ ತುದಿಯಲ್ಲಿ ಕಣ್ಣು ಎಂಬ ಲಕ್ಷಣ ಸ್ಟೈಲೊಮ್ಯಾಟೊಫೊರ ಎಂಬ ದೊಡ್ಡ ಗಣದ್ದು. ನೆಲದ ಬಸವನಹುಳಗಳಲ್ಲಿ ಬಹುಪಾಲು ಇದಕ್ಕೇ ಸೇರುತ್ತವೆ, ಆಫ್ರಿಕಾದ ಹುಳವೂ ಸೇರುತ್ತದೆ. ಹಾಗಾಗಿ ಮುಂದಿನ ಕೊಂಬು ಕುಟುಂಬವನ್ನು ಹೇಳುವುದಿಲ್ಲ. ಹಿಂದಿನದು ಹೇಳುತ್ತದೆ.

ಹುಳವನ್ನು ಒಂದು ಗಾಜಿನ ಮೇಲೆ ಬಿಟ್ಟು, ಅದು ಚಾಚಿಕೊಂಡು ನಡೆಯತೊಡಗಿದ ಮೇಲೆ ಗಾಜನ್ನು ಎತ್ತಿ ಅಡಿಯಿಂದ ನೋಡಿ. ಪಾದದ ತಳ ಒಂದೇ ಹಾಳೆಯಂತಿರದೆ, ಉದ್ದುದ್ದಕ್ಕೆ ಮೂರು ಪಟ್ಟಿಗಳಾಗಿ ಒಡೆದಿರುವುದು ಕಾಣುತ್ತದೆ. ನಡಿಗೆಯ ಅಲೆಗಳು ಏಳುವುದು ನಡುವಿನ ಪಟ್ಟಿಯಲ್ಲಿ, ಅಕ್ಕಪಕ್ಕದ ಪಟ್ಟಿಗಳು ಸುಮ್ಮನೆ ಜೊತೆಗೆ ಸಾಗುತ್ತವೆ. ಪಾದದ ಅಂಚಿನ ಗುಂಟ ಸಣ್ಣ ತೋಡಿನಂಥ ಗೆರೆಯೊಂದು ಎರಡೂ ಕಡೆಯಿಂದ ಹಿಂದಕ್ಕೆ ಹರಿದು ಬಾಲದ ತುದಿಯಲ್ಲಿ ಒಂದು ಕುಳಿಯ ಬಳಿ ಸೇರುತ್ತದೆ. ಆ ಕುಳಿ ಒಂದು ಗ್ರಂಥಿಯ ಬಾಯಿ. ಅಲ್ಲಿಂದ ಲೋಳೆ ಒಸರುತ್ತದೆ. ಕುಳಿಯ ಮೇಲೆ ಮಾಡಿನ ಅಂಚಿನಂತೆ ಚಾಚಿಕೊಂಡಿರುವ ಮಾಂಸದ ತುಣುಕೇ ನಿಮಗೆ ಕೊಂಬಿನಂತೆ ಕಂಡದ್ದು. ಹುಳವನ್ನು ಕಡ್ಡಿಯಿಂದ ಮೆಲ್ಲಗೆ ತಾಗಿಸಿದರೆ ಆ ಕುಳಿಯಲ್ಲಿ ಲೋಳೆಯ ಹನಿಯೊಂದು ಕೂಡಿಕೊಳ್ಳುವುದನ್ನು ಬರಿಗಣ್ಣಿನಲ್ಲೇ ನೋಡಬಹುದು. ಬೇರೆ ಕೆಲವು ಕುಟುಂಬಗಳಲ್ಲೂ ಇಂಥ ಕುಳಿ ಇದೆ. ಆದರೆ ಮಲೆನಾಡಿನ ತೋಟದಲ್ಲಿ ರೂಪಾಯಿಗಿಂತ ದೊಡ್ಡದಾದ, ಹೊಳಪಿನ ಚಿಪ್ಪಿನ, ಬಾಲದಲ್ಲಿ ಕೊಂಬಿರುವ ಹುಳ ಕಂಡರೆ ಅದನ್ನು ಏರಿಯೋಫ್ಯಾಂಟಿಡೇ ಎಂದೇ ತಿಳಿಯಬಹುದು.

ಹೊಳಪಿನ ಮಾತೂ ಸುಮ್ಮನೆ ಅಲ್ಲ. ಬಸವನಹುಳದ ಒಡಲನ್ನು ಮುಚ್ಚಿರುವ ಮ್ಯಾಂಟಲ್ ಎಂಬ ಪೊರೆಯೇ ಚಿಪ್ಪನ್ನು ಕಟ್ಟುವ ಗಾರೆಯವನು. ಈ ಕುಟುಂಬದಲ್ಲಿ ಆ ಪೊರೆಯ ಅಂಚಿನಿಂದ ನಾಲಿಗೆಯಂಥ ಹಾಳೆಗಳು ಹೊರಕ್ಕೆ ಬಂದು ಚಿಪ್ಪಿನ ಮೇಲೆ ಹರಡುತ್ತವೆ. ಹುಳ ನೆಮ್ಮದಿಯಿಂದ ನಡೆಯುತ್ತಿರುವಾಗ ಗಮನಿಸಿದರೆ ಒಂದು ತೇವದ ನಾಲಿಗೆ ಚಿಪ್ಪಿನ ಬಾಯಂಚಿನಿಂದ ಮೇಲಕ್ಕೆ ಹೊರಳಿ, ಒಂದಿಷ್ಟು ಸವರಿ, ಹಿಂದಕ್ಕೆ ಸರಿಯುವುದು ಕಾಣುತ್ತದೆ. ಚಿಪ್ಪು ಯಾವಾಗಲೂ ಒರೆಸಿಟ್ಟಂತೆ ಹೊಳೆಯುವುದಕ್ಕೆ ಇದೇ ಕಾರಣ. ಕುಟುಂಬದ ಕೆಲವು ಕುಲಗಳಲ್ಲಿ ಈ ಹಾಳೆಗಳು ಬೆಳೆದು ಬೆಳೆದು ಚಿಪ್ಪನ್ನೇ ಮುಚ್ಚಿಬಿಟ್ಟಿವೆ, ಒಳಗಿನ ಚಿಪ್ಪು ಉಗುರಿನಷ್ಟಕ್ಕೆ ಇಳಿದಿದೆ. ನಿಮ್ಮ ಕಡೆ ಚಿಪ್ಪಿಲ್ಲದ ಹುಳ ಎಂದು ಬೇರೆಯೇ ಜಾತಿಯಾಗಿ ಎಣಿಸುವ ಕೆಲವು ಪ್ರಾಣಿಗಳು ವಾಸ್ತವದಲ್ಲಿ ಇದೇ ಮನೆತನದವು.

ಇನ್ನು ನಿಮ್ಮ ಚಿಕ್ಕಪ್ಪನವರ ಮಾತು. ಅವರು ಕಂಡದ್ದರಲ್ಲಿ ತಪ್ಪಿಲ್ಲ, ಕಟ್ಟಿದ ಬೆಲೆಯಲ್ಲಿ ಮಾತ್ರ ತಪ್ಪಿದ್ದಾರೆ. ಚಿಪ್ಪುಶಾಸ್ತ್ರದಲ್ಲಿ ಚಿಪ್ಪಿನ ತುದಿ ಮೇಲಕ್ಕೆ, ಬಾಯಿ ನಮ್ಮ ಕಡೆಗೆ ಇರುವಂತೆ ಹಿಡಿಯುವುದು ರೂಢಿ. ಆಗ ಬಾಯಿ ಬಲಕ್ಕೆ ಬಂದರೆ ಬಲಸುರುಳಿ, ಎಡಕ್ಕೆ ಬಂದರೆ ಎಡಸುರುಳಿ. ಶಂಖವನ್ನು ನೋಡುವ ನಮ್ಮ ಸಂಪ್ರದಾಯದಲ್ಲಿ ಅದನ್ನು ತಲೆಕೆಳಗಾಗಿ, ಅಂದರೆ ನೀರು ಹೊಯ್ಯುವ ಕೊಕ್ಕು ಮೇಲಕ್ಕಿರುವಂತೆ ಹಿಡಿಯುತ್ತಾರೆ. ಆದ್ದರಿಂದ ವಿಜ್ಞಾನಿಗಳು ಎಡಸುರುಳಿ ಎನ್ನುವ ಶಂಖವೇ ನಮಗೆ ಬಲಮುರಿ. ಆ ಲೆಕ್ಕದಲ್ಲಿ ನಿಮ್ಮ ಹುಳವೂ ಬಲಮುರಿಯೇ ಹೌದು! ಆದರೆ ಪೂಜೆಯ ಬಲಮುರಿ ಶಂಖಕ್ಕೆ ಬೆಲೆ ಬಂದಿರುವುದು ಅದು ಅಪರೂಪವಾದ್ದರಿಂದ. ಟರ್ಬಿನೆಲ್ಲ ಪೈರಮ್ ಎಂಬ ಕಡಲಿನ ಶಂಖ ಮನ್ನಾರ್ ಕೊಲ್ಲಿಯಂಥ ಕಡೆ ಸಿಗುತ್ತದೆ. ಅದು ಸ್ವಭಾವತಃ ಬಲಸುರುಳಿ, ಎಲ್ಲೋ ಒಂದು ಮಾತ್ರ ತಿರುಗಿ ಹುಟ್ಟುತ್ತದೆ. ನಿಮ್ಮ ಏರಿಯೋಫ್ಯಾಂಟದಲ್ಲಿ ಹಾಗಲ್ಲ. ಈ ಕುಲದ ಹಲವು ಪ್ರಭೇದಗಳಲ್ಲಿ ಇಡೀ ಸಂತತಿಯೇ ಎಡಸುರುಳಿ. ಸೊಪ್ಪಿನ ಬೆಟ್ಟದಲ್ಲಿ ಹುಡುಕಿದರೆ ಸಿಗುವ ಅಷ್ಟೂ ಹುಳಗಳು ಹೀಗೇ ಇರುತ್ತವೆ. ಅಲ್ಲಿ ಬಲಕ್ಕೆ ಸುತ್ತಿದ ಒಂದು ಸಿಕ್ಕಿದರೆ ಅದೇ ಅಪರೂಪ, ಅದನ್ನು ದಯವಿಟ್ಟು ನನಗೆ ತಿಳಿಸಿ. ಅಲ್ಲದೆ ಈ ಚಿಪ್ಪು ಉಗುರಿನಿಂದ ಒತ್ತಿದರೆ ಬಿರಿಯುವಷ್ಟು ತೆಳುವಾದದ್ದು, ಊದಲೂ ಬಾರದು, ನೀರು ತುಂಬಲೂ ಬಾರದು. ಕೊಳ್ಳುತ್ತೇವೆಂದು ಬರುವವರು ಯಾರೇ ಇರಲಿ, ಮುಂಗಡ ಕೇಳುವ ಮೊದಲೇ ಬೀಳ್ಕೊಡಿ. ಬಲಮುರಿ ಶಂಖದ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಚಿಪ್ಪುಗಳು ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಬೇರೊಂದು ಕಡಲ ಪ್ರಾಣಿಯವು, ಅವು ಹುಟ್ಟಿನಿಂದಲೇ ಎಡಸುರುಳಿ. ನಿಜವಾದ ಶಂಖದ ಬಾಯೊಳಗಿನ ನಡುಗಂಬದ ಮೇಲೆ ಎದ್ದು ಕಾಣುವ ಮೂರು ನಾಲ್ಕು ಅಡ್ಡ ಏಣುಗಳಿರುತ್ತವೆ, ಆ ಅಮೆರಿಕದ ಚಿಪ್ಪಿನಲ್ಲಿ ಅವಿಲ್ಲ. ಮನೆಯಲ್ಲಿ ಹಾಗೊಂದು ಇದ್ದರೆ ಬೆಳಕಿಗೆ ಹಿಡಿದು ನೋಡಬಹುದು.

ಎಡಸುರುಳಿ ಎಂದರೆ ಚಿಪ್ಪು ಮಾತ್ರ ಎಡಕ್ಕೆ ತಿರುಗಿದೆ ಎಂದು ಅರ್ಥವಲ್ಲ. ಇಡೀ ದೇಹವೇ ಕನ್ನಡಿಯ ಬಿಂಬದಂತೆ ತಿರುವುಮುರುವಾಗಿರುತ್ತದೆ. ಸಾಮಾನ್ಯ ಬಸವನಹುಳದಲ್ಲಿ ಉಸಿರಿನ ರಂಧ್ರ, ಮಲದ್ವಾರ, ಜನನಾಂಗದ ದ್ವಾರ ಇವೆಲ್ಲ ಬಲಗಡೆಗಿದ್ದರೆ ನಿಮ್ಮ ಹುಳದಲ್ಲಿ ಎಡಗಡೆಗಿರುತ್ತವೆ. ಚಿಪ್ಪಿನ ಬಾಯಂಚಿನ ಬಳಿ ಆಗಾಗ ತೆರೆದು ಮುಚ್ಚುವ ಗುಂಡಿಯಂಥ ರಂಧ್ರವನ್ನು ನೀವೇ ನೋಡಬಹುದು. ಅದರ ಹಿಂದೆ ಇರುವ, ರಕ್ತನಾಳಗಳ ಬಲೆಯಿರುವ ಕುಹರವೇ ಅದರ ಶ್ವಾಸಕೋಶ. ಮರಿ ಎತ್ತ ಸುತ್ತಬೇಕೆಂಬುದು ಮರಿಯ ಸ್ವಂತ ವಂಶವಾಹಿಗಳಿಂದಲ್ಲ, ತಾಯಿಯ ವಂಶವಾಹಿಗಳಿಂದ ನಿರ್ಧಾರವಾಗುತ್ತದೆ. ಕೆರೆಯ ಬಸವನಹುಳಗಳಲ್ಲಿ ಕಂಡ ಈ ವಿಚಿತ್ರವನ್ನು 1923ರಲ್ಲಿ ತಳಿವಿಜ್ಞಾನಿ ಆಲ್ಫ್ರೆಡ್ ಸ್ಟರ್ಟೆವಂಟ್ ಸರಿಯಾಗಿ ಬಿಡಿಸಿ ಹೇಳಿದರು. ಒಂದು ತಲೆಮಾರು ತಡವಾಗಿ ಗುಣ ಕಾಣಿಸಿಕೊಳ್ಳುವುದರಿಂದ, ತಿರುಗಿ ಸುತ್ತಿದ ಹುಳದ ಮಕ್ಕಳು ತಿರುಗಿಯೇ ಸುತ್ತಬೇಕೆಂದಿಲ್ಲ. ತಗ್ಗು ಚಿಪ್ಪಿನ ಹುಳಗಳು ಮುಖಾಮುಖಿಯಾಗಿ ಕೂಡುತ್ತವೆ. ಎಡಗಡೆ ದ್ವಾರವಿರುವುದು ಬಲಗಡೆ ದ್ವಾರವಿರುವುದರೊಡನೆ ಕೂಡಲು ಹೋದರೆ ಅಂಗಕ್ಕೆ ಅಂಗ ಹೊಂದುವುದಿಲ್ಲ. ಗುಂಪಿನಲ್ಲಿ ಅಲ್ಪಸಂಖ್ಯಾತವಾದ ಸುರುಳಿಗೆ ಸಂಗಾತಿಯೇ ಸಿಗದೆ ಅದು ಅಳಿಯುತ್ತದೆ. ಹೀಗಾಗಿ ಒಂದು ಪ್ರಭೇದವೆಂದರೆ ಸಾಮಾನ್ಯವಾಗಿ ಇಡಿಯಾಗಿ ಎಡ, ಇಲ್ಲವೇ ಇಡಿಯಾಗಿ ಬಲ.

ನಿಮ್ಮ ಮಗಳ ಪ್ರಶ್ನೆ ಮೂರರಲ್ಲೂ ಒಳ್ಳೆಯದು, ಅದಕ್ಕೇ ಹೆಚ್ಚು ಜಾಗ ಬೇಕು. ಅವರು ಕಂಡ ಮೂರು ಹೆಸರುಗಳಲ್ಲಿ ಯಾವುದೂ ಬಾಯಿಗೆ ಬಂದದ್ದಲ್ಲ; ಮೂರು ಕಾಲದ ಮೂರು ತೀರ್ಮಾನಗಳು.

ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನದ ಬಹುಭಾಗ ಯುರೋಪಿಗೆ ಹೋಗುತ್ತಿದ್ದದ್ದು ಖಾಲಿ ಚಿಪ್ಪುಗಳು. ಮುಂಬಯಿ ಕಡೆಯ ಪಶ್ಚಿಮ ಕರಾವಳಿಯ ಎಡಸುರುಳಿ ಹುಳಕ್ಕೆ ಡೆನ್ಮಾರ್ಕಿನ ಒಟ್ಟೊ ಫ್ರೆಡರಿಕ್ ಮುಲ್ಲರ್ 1774ರಲ್ಲೇ ಹೆಸರಿಟ್ಟರು. ಆಗಿನ ಕಾಲದಲ್ಲಿ ಸುರುಳಿಯಾಗಿ ತಗ್ಗಾಗಿ ಇದ್ದದ್ದೆಲ್ಲ ಹೀಲಿಕ್ಸ್ ಎಂಬ ಒಂದೇ ಕುಲ. ಇದೇ ಹುಳದ ಮೇಲೆ 1829ರಲ್ಲಿ ಏರಿಯೋಫ್ಯಾಂಟ ಎಂಬ ಕುಲ ನಿಂತಿತು. ಮುಂದೆ ದವಡೆ ಮತ್ತು ಹಲ್ಲುಗಳನ್ನು ನೋಡುವ ಅಭ್ಯಾಸ ಬಂತು. ಬಸವನಹುಳದ ಬಾಯೊಳಗೆ ಅರದಂಥ ಪಟ್ಟಿಯೊಂದಿದೆ, ಅದಕ್ಕೆ ರ‍್ಯಾಡುಲ ಎನ್ನುತ್ತಾರೆ. ಅಡ್ಡ ಸಾಲುಗಳಲ್ಲಿ ಸೂಕ್ಷ್ಮವಾದ ಹಲ್ಲುಗಳು, ನಡುವಿನದು ಮೂರು ಮೊನೆಯದು, ಅಂಚಿಗೆ ಹೋದಂತೆ ಹಲ್ಲುಗಳು ಕಿರಿದಾಗಿ ಚೂಪಾಗುತ್ತವೆ. ಮೇಲ್ದವಡೆ ನುಣುಪಾಗಿದ್ದು ನಡುವೆ ಸಣ್ಣ ಉಬ್ಬೊಂದಿರುತ್ತದೆ. ಹೊಳೆಯುವ ತೆಳು ಚಿಪ್ಪು, ಹೊರಕ್ಕೆ ಮಡಚದ ಬಾಯಂಚು, ನುಣುಪು ದವಡೆ, ಚೂಪು ಅಂಚಿನ ಹಲ್ಲು ಇವೆಲ್ಲ ಯುರೋಪಿನ ಜೋನಿಟಿಡೇ ಕುಟುಂಬದಲ್ಲೂ ಇದ್ದವು. ಹಾಗಾಗಿ ನಮ್ಮ ಹುಳಗಳನ್ನೂ ಅದೇ ಚೀಲಕ್ಕೆ ಹಾಕಿದರು.

ಆ ಚೀಲವನ್ನು ಬಿಚ್ಚಿದವರು ಹೆನ್ರಿ ಹ್ಯಾವರ್‌ಶ್ಯಾಮ್ ಗಾಡ್ವಿನ್-ಆಸ್ಟೆನ್. ಕಾರಾಕೋರಂ ಹಿಮನದಿಗಳನ್ನು ಅಳೆದ ಸರ್ವೇ ಅಧಿಕಾರಿ ಇವರೇ; ಕೆ2 ಶಿಖರಕ್ಕೆ ಒಂದು ಕಾಲದಲ್ಲಿ ಇವರ ಹೆಸರೂ ಇತ್ತು. ನಿವೃತ್ತಿಯ ನಂತರದ ಬಹುಭಾಗ ಬದುಕನ್ನು ಈ ಮನುಷ್ಯ ಬಸವನಹುಳಗಳನ್ನು ಕೊಯ್ದು ನೋಡುವುದಕ್ಕೆ ಕೊಟ್ಟರು. ಪರ್ವತಗಳನ್ನು ಅಳೆದ ಕಣ್ಣು ಎರಡು ಸೆಂಟಿಮೀಟರಿನ ಪ್ರಾಣಿಯ ಜನನಾಂಗವನ್ನು ಅಷ್ಟೇ ನಿಷ್ಠೆಯಿಂದ ಅಳೆಯಿತೆಂಬುದು ನನಗೆ ಈಗಲೂ ಬೆರಗಿನ ಸಂಗತಿ. ಚಿಪ್ಪು ಒಂದೇ ತರಹ ಇದ್ದರೂ ಒಳಗಿನ ಅಂಗಗಳು ಬೇರೆ ಎಂದು ತೋರಿಸಿ 1883ರಲ್ಲಿ ಏರಿಯೋಫ್ಯಾಂಟಿಡೇ ಎಂಬ ಕುಟುಂಬದ ಹೆಸರನ್ನು ಬಳಕೆಗೆ ತಂದವರು ಅವರೇ. ವಿಚಿತ್ರವೆಂದರೆ, ಬ್ರಿಟಿಷ್ ಭಾರತದ ಪ್ರಾಣಿಗಳ ಸರಣಿಯಲ್ಲಿ 1908ರಲ್ಲಿ ಬಂದ, ಅವರ ಹೆಸರೂ ಇರುವ ಸಂಪುಟ ನಮ್ಮ ಹುಳಗಳನ್ನು ಮತ್ತೆ ಜೋನಿಟಿಡೇ ಎಂದೇ ಕರೆಯುತ್ತದೆ. ಆ ಕೆಲಸವನ್ನು ಆರಂಭಿಸಿದ್ದ ವಿಲಿಯಂ ಬ್ಲ್ಯಾನ್‌ಫರ್ಡ್ 1905ರಲ್ಲಿ ತೀರಿಕೊಂಡರು, ಉಳಿದದ್ದನ್ನು ಗಾಡ್ವಿನ್-ಆಸ್ಟೆನ್ ಮುಗಿಸಿಕೊಟ್ಟರು. ಇಂದಿಗೂ ಭಾರತದ ನೆಲಹುಳಗಳನ್ನು ಗುರುತಿಸಲು ಎಲ್ಲರೂ ಆ ಸಂಪುಟವನ್ನೇ ತೆರೆಯುವುದರಿಂದ ಜೋನಿಟಿಡೇ ಎಂಬ ಹೆಸರು ಇನ್ನೂ ಉಳಿದುಕೊಂಡಿದೆ.

ಹೆಲಿಕೇರಿಯೋನಿಡೇ ಎಂಬುದು ಬೇರೆ ಜಗಳ. ಅದು ನಮ್ಮ ಕುಟುಂಬದ ನಿಜವಾದ ಸೋದರ ಬಳಗ. ಬಾಲದ ಕುಳಿ, ಮೂರು ಪಟ್ಟಿಯ ಪಾದ, ಚಿಪ್ಪಿನ ಮೇಲೆ ಹರಡುವ ಹಾಳೆಗಳು ಅಲ್ಲೂ ಇವೆ. ಎರಡನ್ನೂ ಒಂದೇ ಮನೆಯೆಂದು ಎಣಿಸಿದ ಲೇಖಕರು ಏರಿಯೋಫ್ಯಾಂಟವನ್ನು ಅದರೊಳಗಿನ ಒಂದು ಕೋಣೆಯಾಗಿಸಿದರು. 1998ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಹೌಸ್‌ಡಾರ್ಫ್ ಈ ಇಡೀ ಬಳಗದ ಅಂಗರಚನೆಯನ್ನು ಒಟ್ಟಿಗೆ ಹೋಲಿಸಿ ವಂಶವೃಕ್ಷವನ್ನು ಕಟ್ಟಿದರು. 2005ರಲ್ಲಿ ಬೂಶೆ ಮತ್ತು ರೊಕ್ರುವಾ ಎಂಬ ವಿಜ್ಞಾನಿಗಳು ಮಾಡಿದ ವರ್ಗೀಕರಣದಲ್ಲಿ ಏರಿಯೋಫ್ಯಾಂಟಿಡೇ, ಹೆಲಿಕೇರಿಯೋನಿಡೇ ಮತ್ತು ಮುಖ್ಯವಾಗಿ ಆಫ್ರಿಕಾದ ಯೂರೊಸೈಕ್ಲಿಡೇ ಮೂರೂ ಬೇರೆ ಬೇರೆ ಕುಟುಂಬಗಳಾಗಿ ಹೆಲಿಕೇರಿಯೋನಾಯಿಡಿಯ ಎಂಬ ಒಂದೇ ಮಹಾಕುಟುಂಬದೊಳಗೆ ಕೂತವು. ಹಾಗಾಗಿ ನಿಮ್ಮ ಮಗಳು ತಮ್ಮ ಟಿಪ್ಪಣಿಯಲ್ಲಿ ಏರಿಯೋಫ್ಯಾಂಟಿಡೇ ಎಂದು ಬರೆದುಕೊಳ್ಳಲಿ. ಇನ್ನೆರಡನ್ನು ಅಳಿಸುವುದು ಬೇಡ, ಪಕ್ಕದಲ್ಲಿ ಕಂಸದೊಳಗೆ ಇರಲಿ. ಹಳೆಯ ಪುಸ್ತಕ ತೆರೆದಾಗ ಬೇಕಾಗುತ್ತದೆ.

ಕುಟುಂಬವನ್ನು ಬೇರ್ಪಡಿಸಿದ ಒಳಗಿನ ಅಂಗಗಳು ಯಾವುವು ಎಂದು ಅವರು ಮುಂದೆ ಕೇಳಿಯೇ ಕೇಳುತ್ತಾರೆ. ಈ ಹುಳಗಳು ಉಭಯಲಿಂಗಿಗಳು. ಅಂಡವೂ ವೀರ್ಯವೂ ಒಂದೇ ಗ್ರಂಥಿಯಲ್ಲಿ ಹುಟ್ಟುತ್ತವೆ, ಆದರೂ ಸಾಮಾನ್ಯವಾಗಿ ಎರಡು ಹುಳಗಳು ಕೂಡಿ ವೀರ್ಯವನ್ನು ವಿನಿಮಯ ಮಾಡಿಕೊಳ್ಳುತ್ತವೆ. ವೀರ್ಯವನ್ನು ಗಟ್ಟಿಯಾದ ಚೀಲದಲ್ಲಿ ಕಟ್ಟಿ ದಾಟಿಸುತ್ತವೆ; ಆ ಚೀಲದ ಬಾಲದ ಮೇಲೆ ಮುಳ್ಳುಗಳ ಸಾಲು ಇರುವುದುಂಟು, ಮುಳ್ಳುಗಳ ಕವಲು ಪ್ರಭೇದವನ್ನು ಹೇಳುತ್ತದೆ. ಇವಲ್ಲದೆ ಅಂಬಿನ ಚೀಲವೆಂಬ ಒಂದು ಅಂಗವಿದೆ. ಕೊಯ್ದಾಗ ಬೆಳ್ಳಗೆ, ದಪ್ಪಗೆ, ಸ್ನಾಯುವಿನಿಂದ ಬಿಗಿದ ಕಿರುಬೆರಳಿನಂತೆ ಅದು ಎದ್ದು ಕಾಣುತ್ತದೆ. ಒಳಗೆ ಮೊನೆಯಿರುವ ಒಂದು ಗೂಟ, ಗೂಟದ ನಡುವೆ ತೂತು, ಬುಡದಲ್ಲಿ ಸ್ರವಿಸುವ ಗ್ರಂಥಿ. ಕೂಡುವ ಹೊತ್ತಿನಲ್ಲಿ ಸಂಗಾತಿಯ ಮೈಗೆ ಇದನ್ನು ಒತ್ತುತ್ತವೆ. ಯುರೋಪಿನ ತೋಟದ ಬಸವನಹುಳದಲ್ಲಿ ಅಂಬಿನೊಂದಿಗೆ ಹೋಗುವ ಲೋಳೆಯು ಅಂಬು ಬಿಟ್ಟ ಹುಳದ ವೀರ್ಯ ಹೆಚ್ಚು ಉಳಿಯುವಂತೆ ಮಾಡುತ್ತದೆಂದು ಪ್ರಯೋಗಗಳು ತೋರಿಸಿವೆ. ನಮ್ಮ ಹುಳದ ಅಂಬಿನ ರಚನೆ ಬೇರೆಯಾದ್ದರಿಂದ ಆ ಫಲಿತಾಂಶವನ್ನು ಇಲ್ಲಿಗೆ ನೇರವಾಗಿ ಹಚ್ಚಬಾರದು.

ಈ ಅಂಗಕ್ಕೆ ಎಷ್ಟು ತೂಕವಿದೆಯೆಂದು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೇ ಕಾಡಿನಿಂದ ತಂದ, ಹೊಳೆಯುವ ಚಪ್ಪಟೆ ಚಿಪ್ಪಿನ ಹದಿನೇಳು ಹುಳಗಳನ್ನು ಒಂದೇ ಸೀಸೆಗೆ ಹಾಕಿ ಒಂದೇ ಚೀಟಿ ಅಂಟಿಸಿದ್ದೆ. ಹಿರಿಯರೊಬ್ಬರು ಚೀಟಿಯನ್ನು ಓದಿ, ಏನೂ ಹೇಳದೆ, ಕತ್ತರಿಯನ್ನು ನನ್ನ ಮುಂದೆ ಸರಿಸಿದರು. ಕೊಯ್ದು ನೋಡಿದರೆ ಹನ್ನೊಂದರಲ್ಲಿ ಅಂಬಿನ ಚೀಲವಿತ್ತು, ಆರರಲ್ಲಿ ಇರಲೇ ಇಲ್ಲ. ಅಂಬು ಇಲ್ಲದ ಮಾತ್ರಕ್ಕೆ ಕುಟುಂಬ ಬೇರೆಯಾಗಬೇಕೆಂದಿಲ್ಲ, ಕೆಲವು ಶಾಖೆಗಳಲ್ಲಿ ಅದು ಅಳಿದುಹೋಗಿದೆ. ಆದರೆ ಆ ಸೀಸೆಯಲ್ಲಿದ್ದದ್ದು ಒಂದು ಪ್ರಭೇದವಲ್ಲ ಎಂಬುದಂತೂ ಸ್ಪಷ್ಟವಾಯಿತು. ಆ ಆರನ್ನು ಈಗಲೂ ಬೇರೆ ಇಟ್ಟಿದ್ದೇನೆ.

ಕುಟುಂಬದ ಹರವು ದೊಡ್ಡದು. ಭಾರತ, ಶ್ರೀಲಂಕಾದಿಂದ ಆಗ್ನೇಯ ಏಷ್ಯಾದ ದ್ವೀಪಗಳವರೆಗೆ ಹಬ್ಬಿದೆ. ಘಟ್ಟದ ದಕ್ಷಿಣ ಭಾಗದ ಮಳೆಕಾಡಿನಲ್ಲಿ ಇಂಡ್ರೆಲ್ಲ ಆಂಪುಲ್ಲ ಎಂಬ ಹುಳವಿದೆ, 1850ರಲ್ಲಿ ಬೆನ್ಸನ್ ವರ್ಣಿಸಿದ್ದು. ಒಡಲು ಕುಂಕುಮಗೆಂಪು, ಕೆಲವು ಕಡೆ ಹಳದಿ. ಚಿಪ್ಪು ತೆಳುವಾದ ಗುಳ್ಳೆಯಂತೆ, ಒಡಲಿಗೆ ಸಾಲದಷ್ಟು ಚಿಕ್ಕದು. ಇಡೀ ಕುಲದಲ್ಲಿ ಇದೊಂದೇ ಪ್ರಭೇದ, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಮರಿಯೆಲ್ಲ ಡುಸ್ಸುಮಿಯೆರಿಯಲ್ಲಿ ಚಿಪ್ಪು ಬಹುಮಟ್ಟಿಗೆ ಮುಚ್ಚಿಹೋಗಿದೆ, ರಬ್ಬರ್ ತೋಟಗಳಲ್ಲಿ ಅದು ಪೀಡೆಯೆಂದು ದಾಖಲಾಗಿದೆ. ಬಯಲುಸೀಮೆಯ ಹೊಲ, ಬೇಲಿಗಳಲ್ಲಿ ಮಳೆ ಬಿದ್ದ ಕೂಡಲೇ ಕಾಣುವ ಕ್ರಿಪ್ಟೊಜೋನ ಬಿಸ್ಟ್ರಿಯಾಲಿಸ್, ಊರಿನ ಹೂಕುಂಡಗಳಲ್ಲಿ ಕಾಣುವ ಮ್ಯಾಕ್ರೊಕ್ಲಾಮಿಸ್ ಇಂಡಿಕ ಕೂಡ ಇದೇ ಮನೆಯವು. ಇದೇ ಕುಟುಂಬದಲ್ಲಿದ್ದ ಕೆಲವು ಹುಳಗಳು ಅಂಗರಚನೆಯ ಕಾರಣಕ್ಕೆ ಹೊರಗೂ ಹೋಗಿವೆ. ಸಿಂಗಪುರದ ಕ್ವಾಂಟುಲ ಸ್ಟ್ರಿಯೇಟ ಎಂಬ, ಮಿಣುಕುಹುಳದಂತೆ ಕತ್ತಲಲ್ಲಿ ಹಸಿರು ಬೆಳಕು ಮಿಣುಕಿಸುವ ಹುಳವನ್ನು ಈಗ ಡಯಾಕಿಡೇ ಎಂಬ ಬೇರೆ ಕುಟುಂಬದಲ್ಲಿ ಇಟ್ಟಿದ್ದಾರೆ. ಪಶ್ಚಿಮ ಘಟ್ಟದಲ್ಲಿ ದಾಖಲಾದ ನೆಲದ ಬಸವನಹುಳಗಳು ಸುಮಾರು 270 ಪ್ರಭೇದ. ಅವುಗಳಲ್ಲಿ ಮುಕ್ಕಾಲು ಪಾಲು ಇಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದವು. ತರಗೆಲೆಯ ಹಾಸಿನೊಳಗೆ ಕೊಳೆತದ್ದು, ಬೂಷ್ಟು, ಪಾಚಿ ತಿಂದು ಅವು ಬದುಕುತ್ತವೆ.

ಈಗ ನಿಮ್ಮ ತೋಟದ ಮಾತು. ನಮ್ಮ ನೆಲದ್ದೇ ಹುಳವೆಂದ ಮಾತ್ರಕ್ಕೆ ಎಲೆಯನ್ನೇ ಮುಟ್ಟದ ಸಾಧು ಎಂದು ನಾನು ಹೇಳುವುದಿಲ್ಲ. ಕ್ರಿಪ್ಟೊಜೋನ, ಮ್ಯಾಕ್ರೊಕ್ಲಾಮಿಸ್ ಎರಡೂ ಎಳೆಸಸಿಯನ್ನು ತಿನ್ನುವುದನ್ನು ಕಂಡಿದ್ದೇನೆ. ಏರಿಯೋಫ್ಯಾಂಟ ಅಡಿಕೆ ಮರ ಹತ್ತುವುದು ಕಾಂಡದ ಮೇಲಿನ ಪಾಚಿ, ಕಲ್ಲುಹೂಗಳಿಗಾಗಿ. ವೀಳ್ಯದೆಲೆಯಲ್ಲಿ ತೂತು ಕಂಡರೆ ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ನೋಡಿ, ಆಮೇಲೆ ಆರೋಪ ಹೊರಿಸಿ. ಹತ್ತಿಪ್ಪತ್ತು ಹುಳ ಕಂಡರೆ ಏನೂ ಮಾಡಬೇಕಿಲ್ಲ. ನರ್ಸರಿಯ ಸಸಿಗಳಿಗೆ ತೊಂದರೆಯಾಗುತ್ತಿದ್ದರೆ ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರಡಿ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಸೇರಿದ ಹುಳಗಳನ್ನು ಆರಿಸಿ ಸೊಪ್ಪಿನ ಬೆಟ್ಟಕ್ಕೆ ಬಿಟ್ಟರೆ ಸಾಕು. ಇದು ನಮ್ಮ ನೆಲದ್ದೇ ಆದ ಹುಳಕ್ಕೆ ಮಾತ್ರ. ಆಫ್ರಿಕಾದ ಹುಳವನ್ನು ಬೇರೆಡೆ ಬಿಡುವುದು ಬೆನ್ಸನ್ ಮಾಡಿದ್ದನ್ನೇ ಮತ್ತೆ ಮಾಡಿದಂತೆ. ಅದು ಸಿಕ್ಕಿದರೆ ಬಕೆಟ್ಟಿನ ಉಪ್ಪುನೀರಿನಲ್ಲಿ ಮುಳುಗಿಸಿ, ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಉಪ್ಪನ್ನು ತೋಟದ ನೆಲಕ್ಕೆ ಎರಚುವುದಂತೂ ಬೇಡ. ಹುಳ ಸಾಯುತ್ತದೆ ನಿಜ, ಮೈಯ ನೀರೆಲ್ಲ ಸೋರಿ ನರಳಿ ಸಾಯುತ್ತದೆ. ಆದರೆ ಉಪ್ಪು ಮಣ್ಣಿನಲ್ಲೇ ಉಳಿದು ಅಡಿಕೆಯ ಬೇರಿಗೂ ಎರೆಹುಳಕ್ಕೂ ತಾಗುತ್ತದೆ. ಮೆಟಾಲ್ಡಿಹೈಡ್ ಗುಳಿಗೆ ಆಫ್ರಿಕಾದ ಹುಳ ಮಿತಿಮೀರಿದಾಗ ಬಳಸುವ ವಿಷ; ಅದಕ್ಕೆ ನಮ್ಮ ನೆಲದ್ದು, ಹೊರಗಿನದ್ದು ಎಂಬ ಭೇದ ಗೊತ್ತಿಲ್ಲ, ನಾಯಿ ತಿಂದರೆ ನಾಯಿಯೂ ಸಾಯುತ್ತದೆ. ಬಳಸಲೇಬೇಕಾದರೆ ಕೃಷಿ ವಿಜ್ಞಾನ ಕೇಂದ್ರದವರು ಹೇಳಿದ ಪ್ರಮಾಣದಲ್ಲಿ, ಕವುಚಿದ ತೆಂಗಿನ ಚಿಪ್ಪಿನಡಿ ಇಡಬೇಕು. ತಾಮ್ರದ ಲವಣವಾದ ಮೈಲುತುತ್ತವೂ ಬಸವನಹುಳಗಳಿಗೆ ವಿಷವೇ. ಕೊಳೆರೋಗಕ್ಕೆ ನೀವು ಹೊಡೆಯುವ, ಅದೇ ಮೈಲುತುತ್ತ ಬೆರೆಸಿದ ಬೋರ್ಡೋ ದ್ರಾವಣ ಮರದಿಂದ ತೊಟ್ಟಿಕ್ಕಿ ಬುಡಕ್ಕೆ ಇಳಿಯುವುದರಿಂದ, ಔಷಧಿ ಹೊಡೆದ ವಾರ ಮರದ ಬುಡದಲ್ಲಿ ಹುಳಗಳು ಕಡಿಮೆ ಕಾಣಬಹುದು; ಅದಕ್ಕೆಂದೇ ಹೆಚ್ಚು ಹೊಡೆಯುವುದು ಸಲ್ಲದು, ತಾಮ್ರ ವರ್ಷವರ್ಷವೂ ಮಣ್ಣಿನಲ್ಲಿ ಸೇರುತ್ತಲೇ ಹೋಗುತ್ತದೆ. ಇನ್ನೊಂದು ಸಂಗತಿ: ನಿಮ್ಮ ತೋಟದ ಅಂಚಿನಲ್ಲಿ ಮಳೆಗಾಲದ ಮುಂಚೆ ಮಿನುಗುವ ಮಿಣುಕುಹುಳಗಳ ಮರಿಗಳು ಬೆಳೆಯುವುದೇ ಬಸವನಹುಳಗಳನ್ನು ತಿಂದು.

ಯಾವ ಬಸವನಹುಳವನ್ನೇ ಮುಟ್ಟಿದರೂ ಸಾಬೂನಿನಿಂದ ಕೈ ತೊಳೆಯಿರಿ, ಅವು ಹರಿದಾಡಿದ ಸೊಪ್ಪನ್ನು ಹಸಿಯಾಗಿ ತಿನ್ನಬೇಡಿ. ಇಲಿಯ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಜಂತುವಿನ ಮರಿಗಳನ್ನು ಬಸವನಹುಳಗಳು ಹೊತ್ತಿರಬಲ್ಲವು, ಮನುಷ್ಯನ ದೇಹಕ್ಕೆ ಸೇರಿದರೆ ಅವು ಮೆದುಳಿನ ಪೊರೆಗೆ ಉರಿಯೂತ ತರುತ್ತವೆ. ಈ ವಿಷಯದಲ್ಲಿ ಆಫ್ರಿಕಾದ ಹುಳವೇ ಹೆಚ್ಚು ಕುಖ್ಯಾತ, ಆದರೂ ನಮ್ಮ ನೆಲದ ಹುಳಕ್ಕೆ ವಿನಾಯಿತಿ ಕೊಡಬೇಡಿ.

ಪ್ರಭೇದದ ಹೆಸರೂ ಬೇಕೆಂದು ನಿಮ್ಮ ಮಗಳು ಬಯಸಿದರೆ ಫೋಟೋ ಸಾಲದು. ಚಿಪ್ಪನ್ನು ಬಾಯಿಯ ಕಡೆಯಿಂದ, ಮೇಲಿನಿಂದ, ಅಡಿಯ ನಡುವಿನ ಹೊಕ್ಕುಳಿನಂಥ ಕುಳಿಯ ಕಡೆಯಿಂದ ತೆಗೆದ ಚಿತ್ರಗಳು, ಗಾಜಿನ ಮೇಲೆ ನಡೆಯುವಾಗಿನ ಪಾದದ ತಳದ ಚಿತ್ರ, ಬಾಲದ ಹತ್ತಿರದ ಚಿತ್ರ ಇವು ಮೊದಲು. ಅದರ ಜೊತೆಗೆ ಬೆಳೆದ ಹುಳ ಒಂದೆರಡು, ತೋಟದೊಳಗಿನವೇ ಆಗಿರಲಿ. ರಕ್ಷಿತಾರಣ್ಯದಿಂದ ತರಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹುಳವನ್ನು ನೇರವಾಗಿ ಆಲ್ಕೋಹಾಲಿಗೆ ಹಾಕಿದರೆ ಅದು ಮುದುಡಿ ಚಿಪ್ಪಿನೊಳಗೆ ಗಟ್ಟಿಯಾಗಿ ಕೂರುತ್ತದೆ, ಕೊಯ್ಯುವವನ ಕೈಗೆ ಏನೂ ಸಿಗುವುದಿಲ್ಲ. ಕಾಯಿಸಿ ತಣಿಸಿದ ನೀರನ್ನು ಸಣ್ಣ ಸೀಸೆಗೆ ಅಂಚಿನವರೆಗೆ ತುಂಬಿ, ಹುಳವನ್ನು ಹಾಕಿ, ಗಾಳಿಗುಳ್ಳೆ ಉಳಿಯದಂತೆ ಮುಚ್ಚಳ ಬಿಗಿದು ಇಡೀ ರಾತ್ರಿ ಬಿಡಬೇಕು; ಬೆಳಿಗ್ಗೆ ಅದು ಪೂರ್ತಿ ಚಾಚಿಕೊಂಡಿರುತ್ತದೆ, ಆಗ ಆಲ್ಕೋಹಾಲಿಗೆ ವರ್ಗಾಯಿಸಬೇಕು. ಸಿಕ್ಕಿದ ಜಾಗ, ದಿನಾಂಕ, ಯಾವ ಮರದ ಮೇಲೆ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದು ಚೀಟಿಯನ್ನು ಸೀಸೆಯ ಒಳಗೇ ಹಾಕಿ, ಶಾಯಿ ಕರಗುತ್ತದೆ. ಬರೀ ಖಾಲಿ ಚಿಪ್ಪನ್ನು ಕಳುಹಿಸಿದರೆ ಏರಿಯೋಫ್ಯಾಂಟ ಎಂದು ಬರೆದು, ಮುಂದಿನ ಜಾಗವನ್ನು ಖಾಲಿ ಬಿಟ್ಟು ಹಿಂತಿರುಗಿಸುತ್ತೇನೆ.